ಸೈಕಲ್ಲಿನ ಮೇಲೆ ಹದಿನಾಲ್ಕು ಸಾವಿರ ಮೈಲಿ

ರಜೆ ಬಂದರೆ ಮಕ್ಕಳನ್ನು ಕಾರಿನಲ್ಲಿ ತುಂಬಿಕೊಂಡು ನಾಲ್ಕು ಊರು ನೋಡಿ ಬರುವಷ್ಟರಲ್ಲೇ ಸುಸ್ತಾಗುವ ನಮ್ಮಂಥವರಿಗೆ ಅಮೆರಿಕದ ವರ್ಕ್‌ಮನ್ ದಂಪತಿಗಳ ಕಥೆ ಬೆರಗು ಹುಟ್ಟಿಸುತ್ತದೆ. ಸ್ವಲ್ಪ ಕಸಿವಿಸಿಯನ್ನೂ ಉಂಟುಮಾಡುತ್ತದೆ.

ಫ್ಯಾನಿ ಹುಟ್ಟಿದ್ದು 1859ರಲ್ಲಿ, ಮ್ಯಾಸಚೂಸೆಟ್ಸ್‌ನ ವೂಸ್ಟರ್ ಊರಿನಲ್ಲಿ. ತಂದೆ ಆ ರಾಜ್ಯದ ಗವರ್ನರ್ ಆಗಿದ್ದವರು. ತನಗಿಂತ ಹನ್ನೆರಡು ವರ್ಷ ದೊಡ್ಡವರಾದ ಡಾಕ್ಟರ್ ವಿಲಿಯಂ ಹಂಟರ್ ವರ್ಕ್‌ಮನ್ ಅವರನ್ನು ಮದುವೆಯಾದರು. ದೇಹಸ್ಥಿತಿ ಸರಿಯಿಲ್ಲವೆಂದು ಡಾಕ್ಟರು ವೃತ್ತಿ ಬಿಟ್ಟರು, ಹಣಕ್ಕೇನೂ ಕೊರತೆಯಿರಲಿಲ್ಲ. 1889ರಲ್ಲಿ ಸಂಸಾರ ಜರ್ಮನಿಗೆ ಬಂತು. 1893ರಲ್ಲಿ ಪುಟ್ಟ ಮಗ ತೀರಿಕೊಂಡ. ಅಲ್ಲಿಂದ ಮುಂದೆ ಇಬ್ಬರೂ ಮನೆಯಲ್ಲಿ ನಿಂತದ್ದೇ ಕಡಿಮೆ. ಮಗಳು ರೇಚಲ್ ದಾದಿಯರ ಕೈಯಲ್ಲಿ, ಆಮೇಲೆ ಇಂಗ್ಲೆಂಡಿನ ವಸತಿಶಾಲೆಯಲ್ಲಿ ಬೆಳೆದಳು.

ಅಲ್ಜೀರಿಯ ಮತ್ತು ಸ್ಪೇನ್ ಸುತ್ತಾಟ ಮುಗಿಸಿ 1897ರಲ್ಲಿ ಅವರು ನಮ್ಮ ಕಡೆಗೆ ಹೊರಟರು. ಸಿಂಹಳ, ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ಭಾರತ, ಬರ್ಮಾ, ಜಾವಾ ಎಲ್ಲ ಸೇರಿ 14,000 ಮೈಲಿ! ಫ್ಯಾನಿಯವರದು ಉದ್ದ ಲಂಗ. ಸೈಕಲ್ ಹ್ಯಾಂಡಲಿಗೆ ಚಹಾದ ಕೆಟಲು ತೂಗುಹಾಕಿಕೊಳ್ಳುತ್ತಿದ್ದರಂತೆ. ಕುಡಿಯುವ ನೀರಿಲ್ಲದ ಹಾದಿ, ಸೊಳ್ಳೆ, ಇಲಿಗಳು ಓಡಾಡುವ ತಂಗುದಾಣ. ಒಂದೊಂದು ದಿನ ನಲವತ್ತರವರೆಗೆ ಪಂಕ್ಚರು. ನಮ್ಮೂರಿನ ಜಾಲಿಮುಳ್ಳು ಬಲ್ಲವರು ಈ ಲೆಕ್ಕವನ್ನು ಸುಲಭವಾಗಿ ನಂಬುತ್ತಾರೆ. ದೇವಾಲಯಗಳ ಫೋಟೋಗಳೊಂದಿಗೆ ಆ ಪ್ರವಾಸದ ಪುಸ್ತಕ 1904ರಲ್ಲಿ ಹೊರಬಂತು.

1898ರ ಬೇಸಿಗೆಯ ಸೆಖೆ ತಾಳಲಾರದೆ ಬೆಟ್ಟ ಹತ್ತಿದವರು ಹಿಮಾಲಯಕ್ಕೆ ಮರುಳಾದರು. 1912ರೊಳಗೆ ಎಂಟು ಬಾರಿ ಹೋದರು. 1906ರಲ್ಲಿ, 47ನೇ ವಯಸ್ಸಿನಲ್ಲಿ, ಫ್ಯಾನಿ ನುನ್-ಕುನ್ ಸಾಲಿನ ಪಿನಾಕಲ್ ಶಿಖರ ಏರಿದರು. ಎತ್ತರ ಸುಮಾರು 22,700 ಅಡಿ. ಹೆಂಗಸರಲ್ಲಿ ಈ ದಾಖಲೆ 1934ರವರೆಗೆ ಉಳಿಯಿತು. ತನಗಿಂತ ಎತ್ತರಕ್ಕೆ ಏರಿದೆನೆಂದು ಆನಿ ಪೆಕ್ ಎಂಬಾಕೆ ಪೆರು ದೇಶದಿಂದ ಹೇಳಿಕೊಂಡಾಗ, ಫ್ಯಾನಿ 13,000 ಡಾಲರ್ ಖರ್ಚುಮಾಡಿ ಸರ್ವೇಯವರನ್ನು ಕಳಿಸಿ ಆ ಶಿಖರವನ್ನು ಅಳೆಸಿದರು. ಅದು ಕುಳ್ಳಗಿತ್ತು. ಹಟವೆಂದರೆ ಹೀಗಿರಬೇಕು!

ಒಂದು ವಿಷಯದಲ್ಲಿ ಇವರನ್ನು ಮೆಚ್ಚಲೇಬೇಕು. ಒಂದು ಬಾರಿ ಗಂಡ ಮುಖಂಡನಾದರೆ ಮತ್ತೊಂದು ಬಾರಿ ಹೆಂಡತಿ. 1912ರ ಸಿಯಾಚಿನ್ ಯಾತ್ರೆಗೆ ಫ್ಯಾನಿಯೇ ಮುಂದಾಳು. ಆ ಎತ್ತರದ ಹಿಮದಲ್ಲಿ ‘ಸ್ತ್ರೀಯರಿಗೆ ಮತಾಧಿಕಾರ’ ಎಂಬ ಪತ್ರಿಕೆ ಹಿಡಿದು ಫೋಟೋ ತೆಗೆಸಿಕೊಂಡರು. ಅದೇ ಯಾತ್ರೆಯಲ್ಲಿ ಇಟಲಿಯಿಂದ ಬಂದಿದ್ದ ಸಹಾಯಕನೊಬ್ಬ ಹಿಮದ ಬಿರುಕಿಗೆ ಬಿದ್ದು ಸತ್ತ. ಹೊರೆ ಹೊತ್ತ ಕೂಲಿಗಳ ಬಗ್ಗೆಯಂತೂ ದಂಪತಿಗಳ ಪುಸ್ತಕಗಳಲ್ಲಿ ಬೈಗುಳವೇ ಹೆಚ್ಚು. ಆ ಚಳಿಯಲ್ಲಿ, ಆ ಕೂಲಿಗೆ, ಅವರು ಯಾಕೆ ಓಡಿಹೋಗುತ್ತಿದ್ದರೆಂದು ಇವರು ಯೋಚಿಸಿದ ಹಾಗೆ ಕಾಣುವುದಿಲ್ಲ.

ಮತ್ತೆ ರೇಚಲ್? ತನ್ನ ಪಾಡಿಗೆ ಓದಿ ಭೂವಿಜ್ಞಾನಿಯಾದಳು. 1911ರಲ್ಲಿ ಕಾನ್ಪುರದ ಉಣ್ಣೆ ಗಿರಣಿಯಿಂದ ಹೆಸರಾದ ಸರ್ ಅಲೆಕ್ಸಾಂಡರ್ ಮ್ಯಾಕ್‌ರಾಬರ್ಟ್ ಅವರನ್ನು ಮದುವೆಯಾದಳು. ಅದೇ ಬೇಸಿಗೆ ತಂದೆತಾಯಿ ಕಾರಕೋರಂನಲ್ಲಿದ್ದರು. 1938 ಮತ್ತು 1941ರ ನಡುವೆ ತನ್ನ ಮೂವರು ಗಂಡುಮಕ್ಕಳನ್ನೂ ವಿಮಾನಗಳಲ್ಲಿ ಕಳೆದುಕೊಂಡ ಈಕೆ, ಬ್ರಿಟನ್ನಿನ ವಾಯುಪಡೆಗೆ ಬಾಂಬರ್ ವಿಮಾನ ಕೊಳ್ಳಲು 25,000 ಪೌಂಡ್ ಕೊಟ್ಟಳು. ಮಕ್ಕಳನ್ನು ಊರಿನಲ್ಲಿ ಅಜ್ಜಿಯ ಹತ್ತಿರ, ಇಲ್ಲವೇ ಹಾಸ್ಟೆಲಿನಲ್ಲಿ ಬಿಟ್ಟು ಬಂದ ನಮ್ಮಲ್ಲಿ ಕೆಲವರಿಗಾದರೂ, ಶಿಖರಗಳ ಎತ್ತರಕ್ಕಿಂತ ಈ ಹುಡುಗಿಯ ಕಥೆ ಹೆಚ್ಚು ಕಾಡೀತು.

ಫ್ಯಾನಿ 1925ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ತೀರಿಕೊಂಡರು. ಹೆಣ್ಣುಮಕ್ಕಳ ನಾಲ್ಕು ಕಾಲೇಜುಗಳಿಗೆ 1,25,000 ಡಾಲರ್ ಬರೆದಿಟ್ಟಿದ್ದರು. ವೂಸ್ಟರ್‌ನ ಸ್ಮಶಾನದಲ್ಲಿ ಗಂಡಹೆಂಡಿರಿಬ್ಬರಿಗೂ ಸೇರಿ ಒಂದೇ ಕಲ್ಲು ನಿಂತಿದೆ. ಹಿಮಾಲಯದ ಮೊದಲಿಗ ಅನ್ವೇಷಕರು ಎಂದು ಅದರ ಮೇಲೆ ಕೆತ್ತಿದ್ದಾರೆ.