ಚಟ್ಟಿಗಳ ದಾರಿ: ಕೇದಾರ–ಬದರಿ ಕಾಲ್ನಡಿಗೆಯನ್ನು ಸಾಕಿದವರು ಯಾರು?

ಕೇದಾರನಾಥ, ಬದರೀನಾಥಗಳ ಚರಿತ್ರೆ ಬರೆದವರು ಹೆಚ್ಚಾಗಿ ಗುಡಿಯಿಂದಲೇ ಶುರುಮಾಡುತ್ತಾರೆ. ಶಂಕರಾಚಾರ್ಯರ ಐತಿಹ್ಯ, ಗಢವಾಲದ ಅರಸರ ದಾನದತ್ತಿ, ದಕ್ಷಿಣದಿಂದ ಹೋದ ಮುಖ್ಯ ಅರ್ಚಕರಾದ ರಾವಲರು, ಹೀಗೆ. ಹರಿದ್ವಾರದಿಂದ ಗುಡಿಯ ಬಾಗಿಲವರೆಗಿನ ವಾರಗಟ್ಟಲೆಯ ನಡಿಗೆಯನ್ನು ಯಾತ್ರಿಕನ ಶ್ರದ್ಧೆಯ ಲೆಕ್ಕಕ್ಕೆ ಬರೆದು ಮುಂದೆ ಸಾಗುತ್ತಾರೆ. ಶ್ರದ್ಧೆ ಮನುಷ್ಯನನ್ನು ಮನೆಯಿಂದ ಹೊರಡಿಸಬಹುದು. ಬೆಟ್ಟದ ಮೇಲೆ ಅವನಿಗೆ ದಿನವೂ ಹಿಟ್ಟು, ಸೌದೆ, ಸೂರು ಒದಗಿಸಲಾರದು. ಅದನ್ನು ಒದಗಿಸಿದ್ದು ದಾರಿಯುದ್ದದ ಹಳ್ಳಿಗಳು. ಕನಿಷ್ಠ 19ನೆಯ ಶತಮಾನದಿಂದ 20ನೆಯ ಶತಮಾನದ ನಡುವಿನವರೆಗೆ ಈ ಯಾತ್ರೆ ನಿಂತದ್ದು ಹಳ್ಳಿಗಳು ಯಾತ್ರಿಕರೊಡನೆ ಮಾಡಿಕೊಂಡಿದ್ದ ಒಂದು ವ್ಯವಹಾರದ ಮೇಲೆ ಎಂಬುದು ಈ ಲೇಖನದ ವಾದ.

ಆ ವ್ಯವಹಾರದ ನೆಲೆ ಚಟ್ಟಿ. ಕೆಲವು ಮೈಲಿಗೊಂದರಂತೆ, ನೀರು ಸಿಗುವ ಕಡೆ, ಹುಲ್ಲು ಹೊದಿಸಿದ ಉದ್ದನೆಯ ಸೂರುಗಳು. ಹಲವಕ್ಕೆ ಬಾಗಿಲೂ ಇರಲಿಲ್ಲ. ಮಲಗುವ ಜಾಗಕ್ಕೆ ಬಾಡಿಗೆಯಿಲ್ಲ, ಅಡುಗೆಯ ಪಾತ್ರೆಯನ್ನು ಚಟ್ಟಿಯವನೇ ಕೊಡುತ್ತಿದ್ದ. ಆದರೆ ಹಿಟ್ಟು, ಅಕ್ಕಿ, ಬೇಳೆ, ತುಪ್ಪವನ್ನು ಅವನಲ್ಲಿಯೇ ಕೊಳ್ಳಬೇಕು. ಸರಳವಾಗಿ ಕಾಣುವ ಈ ಕರಾರು ಬಹಳ ಜಾಣತನದ್ದು. ಬೇಯಿಸಿದ ಅನ್ನವನ್ನು ಮಾರಿದ್ದರೆ ಯಾರ ಕೈಯ ಊಟ ಎಂಬ ಜಾತಿಯ ಪ್ರಶ್ನೆ ಏಳುತ್ತಿತ್ತು. ದಿನಸಿ ಮಾರಿದ್ದರಿಂದ ಬಂಗಾಳದವನೂ ಮಾರವಾಡದವನೂ ತಮಿಳಿನವನೂ ಒಂದೇ ಸೂರಿನಡಿ ಬೇರೆಬೇರೆ ಒಲೆ ಹೂಡಿ ಉಣ್ಣಬಹುದಿತ್ತು. ಪಾತ್ರೆ, ದವಸಗಳನ್ನು ಹೊರುವ ಕಷ್ಟ ಯಾತ್ರಿಕನಿಗೆ ತಪ್ಪಿತು. ನಡೆಯಲಾರದವರನ್ನು ಬೆನ್ನಿನ ಬುಟ್ಟಿಯಾದ ಕಂಡಿಯಲ್ಲೋ, ಹೆಗಲ ಮೇಲಿನ ದಂಡಿಯಲ್ಲೋ ಹೊತ್ತವರೂ ಬೆಟ್ಟದವರೇ. ಈ ವ್ಯವಸ್ಥೆಗೆ ಒಂದು ಅನಿರೀಕ್ಷಿತ ಸಾಕ್ಷಿ ಬೇಟೆಗಾರ ಜಿಮ್ ಕಾರ್ಬೆಟ್. ತೇಜಸ್ವಿಯವರ ಮೂಲಕ ಕನ್ನಡಿಗರಿಗೂ ಪರಿಚಿತವಾದ ರುದ್ರಪ್ರಯಾಗದ ಚಿರತೆ 1918ರಿಂದ 1926ರವರೆಗೆ, ದಾಖಲೆಯ ಪ್ರಕಾರ, 125 ಜನರನ್ನು ಕೊಂದಿತು. ಅದು ತಿರುಗಾಡುತ್ತಿದ್ದದ್ದು ಇದೇ ಯಾತ್ರಾದಾರಿಯ ಸುತ್ತಮುತ್ತ. ಆ ಎಂಟು ವರ್ಷವೂ ಯಾತ್ರೆ ನಿಲ್ಲಲಿಲ್ಲ. ಗೋಲಾಬ್ರಾಯ್‌ನಲ್ಲಿ ತಂಗುದಾಣ ನಡೆಸುತ್ತಿದ್ದ ಪಂಡಿತರೊಬ್ಬರು ಚಿರತೆಯ ಬಾಯಿಂದ ಬದುಕಿ ಉಳಿದವರು ಎಂದು ಕಾರ್ಬೆಟ್ ಬರೆಯುತ್ತಾರೆ.

ದಾರಿ ಮಾಡಿಸಿದ್ದು ಸರ್ಕಾರವಲ್ಲವೇ ಎಂದು ಕೇಳಬಹುದು. 1815ರ ಗೂರ್ಖಾ ಯುದ್ಧದ ನಂತರ ಕೇದಾರ, ಬದರಿಗಳೆರಡೂ ಬ್ರಿಟಿಷ್ ಗಢವಾಲಕ್ಕೆ ಸೇರಿದವು. ಕುಮಾವೂನಿನ ಕಮಿಷನರ್ ಟ್ರೇಲ್ 1827–28ರ ಸುಮಾರಿಗೆ ಯಾತ್ರಾದಾರಿಯನ್ನು ಸರಿಪಡಿಸಿದ್ದು ನಿಜ. ಆದರೆ ಹಣ ಬಂದದ್ದು ಸದಾವರ್ತದ ನಿಧಿಯಿಂದ. ಸದಾವರ್ತವೆಂದರೆ ಯಾತ್ರಿಕರ ಅನ್ನಕ್ಕೆಂದು ಹಿಂದಿನ ಅರಸರ ಕಾಲದಲ್ಲೇ ಬಿಟ್ಟುಕೊಟ್ಟಿದ್ದ ಹಳ್ಳಿಗಳ ಕಂದಾಯ. ಅಂದರೆ ಸರ್ಕಾರ ಅನ್ನದ ದತ್ತಿಯನ್ನು ದಾರಿಯ ಕೆಲಸಕ್ಕೆ ತಿರುಗಿಸಿತು. ಮುಂದೆ ದಾರಿಬದಿಯ ಆಸ್ಪತ್ರೆಗಳಿಗೂ ಅದೇ ನಿಧಿ ಒದಗಿತು. ಯೋಜನೆ ಕಮಿಷನರದು, ದುಡ್ಡು ರೈತನದು. ವರ್ತಕರ ದಾನದ ಮಾತೂ ಬರುತ್ತದೆ. 1889ರಲ್ಲಿ ಲಕ್ಷ್ಮಣ ಝೂಲಾದ ಹಗ್ಗದ ಸೇತುವೆಯ ಜಾಗದಲ್ಲಿ ಕಬ್ಬಿಣದ ತೂಗುಸೇತುವೆ ಕಟ್ಟಿಸಿದವರು ಕಲ್ಕತ್ತೆಯ ಸೂರಜ್‌ಮಲ್ ಝುನ್‌ಝುನ್‌ವಾಲಾ. ಕಾಲೀ ಕಮ್ಲೀವಾಲಾ ಸಂಸ್ಥೆಯ ಧರ್ಮಶಾಲೆಗಳ ಉಪಕಾರವೂ ದೊಡ್ಡದು. ಇವೆಲ್ಲ 19ನೆಯ ಶತಮಾನದ ಕೊನೆಯ ಭಾಗದವು. ಅಷ್ಟರಲ್ಲಿ ಯಾತ್ರೆಯ ದಾರಿ ನೆಲೆಗೊಂಡಾಗಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ: ಹಳ್ಳಿಗರ ದುಡಿಮೆಯನ್ನು ಕರಾರು ಎನ್ನುವುದು ಬಲವಂತಕ್ಕೆ ಬಣ್ಣ ಬಳಿದಂತಲ್ಲವೇ? ಗಢವಾಲ, ಕುಮಾವೂನುಗಳಲ್ಲಿ ಅಧಿಕಾರಿಗಳ ಹೊರೆಯನ್ನು ಬಿಟ್ಟಿಯಾಗಿ ಹೊರಬೇಕಾಗಿದ್ದ ಕೂಲಿ ಬೇಗಾರ್ ಪದ್ಧತಿ ಇತ್ತು. 1921ರ ಜನವರಿಯಲ್ಲಿ ಬಾಗೇಶ್ವರದಲ್ಲಿ ಜನ ಬೇಗಾರಿಯ ದಫ್ತರಗಳನ್ನು ಸರಯೂ ನದಿಗೆ ಎಸೆದದ್ದು ಪ್ರಸಿದ್ಧ. ಆಕ್ಷೇಪದ ಅರ್ಧವನ್ನು ಒಪ್ಪಲೇಬೇಕು. ದಾರಿ ಕಡಿದ ಕೈಗಳಿಗೆಲ್ಲ ನ್ಯಾಯವಾದ ಕೂಲಿ ಸಿಕ್ಕಿತೆಂದು ಯಾರೂ ಹೇಳಲಾರರು. ಆದರೆ ಬೇಗಾರಿ ಅಧಿಕಾರಿಯ ಡೇರೆಗೆ ಸಂಬಂಧಿಸಿದ್ದು, ಚಟ್ಟಿ ಯಾತ್ರಿಕನ ಗಂಟಿಗೆ ಸಂಬಂಧಿಸಿದ್ದು. ಒಂದನ್ನು ಬೆಟ್ಟದ ಜನ ಪ್ರತಿಭಟಿಸಿ ಕಿತ್ತೊಗೆದರು, ಇನ್ನೊಂದನ್ನು ತಾವಾಗಿಯೇ ಮುಂದುವರಿಸಿದರು. ಚಟ್ಟಿಯವನಿಗೆ ಲಾಭವಿತ್ತು ಎಂಬುದು ದೋಷವೇನಲ್ಲ. ಸೇವೆಯೊಂದನ್ನೇ ನಂಬಿದ್ದರೆ ಒಂದು ಕ್ಷಾಮದ ವರ್ಷಕ್ಕೇ ಈ ಸೂರುಗಳು ಮುಚ್ಚುತ್ತಿದ್ದವು.

ವಾದಕ್ಕೆ ಕೊನೆಯ ಪುರಾವೆ ಚಟ್ಟಿಗಳ ಅಳಿವು. 1962ರ ಚೀನಾ ಯುದ್ಧದ ಬಳಿಕ ಗಡಿಯ ಅಗತ್ಯಕ್ಕಾಗಿ ಮೋಟಾರು ರಸ್ತೆ ಬದರಿಯ ಕಡೆಗೆ ವೇಗವಾಗಿ ಬೆಳೆಯಿತು. ಭಕ್ತಿ ಕುಂದಲಿಲ್ಲ, ಯಾತ್ರಿಕರ ಸಂಖ್ಯೆ ಏರಿತು. ಆದರೂ ನಡಿಗೆಯ ದಾರಿಯ ಚಟ್ಟಿಗಳು ಬಹುಪಾಲು ಹಾಳುಬಿದ್ದವು, ಹನುಮಾನ್ ಚಟ್ಟಿ, ಫೂಲ್ ಚಟ್ಟಿಯಂಥ ಹೆಸರುಗಳು ಉಳಿದವು. ನಡಿಗೆಯನ್ನು ಶ್ರದ್ಧೆಯೊಂದೇ ಹಿಡಿದಿಟ್ಟಿದ್ದರೆ ಬಸ್ಸು ಬಂದೊಡನೆ ಅದು ಹೀಗೆ ಕುಸಿಯಬೇಕಿರಲಿಲ್ಲ. ಕೇದಾರಕ್ಕೆ ಗೌರೀಕುಂಡದಿಂದ ಮೇಲೆ ಇಂದಿಗೂ ಇರುವುದು ಕಾಲುದಾರಿಯೇ. ಆ ದಾರಿಯ ದೊಡ್ಡ ತಂಗುದಾಣವಾಗಿದ್ದ ರಾಮಬಾಡಾ 2013ರ ಜೂನ್ ಪ್ರವಾಹದಲ್ಲಿ ಕೊಚ್ಚಿಹೋಯಿತು.

ಕೇದಾರದ ರಾವಲರು ಕರ್ನಾಟಕ ಮೂಲದ ವೀರಶೈವ ಜಂಗಮರು, ಅವರ ಪೀಠ ಊಖೀಮಠದಲ್ಲಿದೆ. ಈ ನಂಟಿನಿಂದಾಗಿ ನಮ್ಮವರು ಕೇದಾರ ಪೀಠದ ಗುರುಪರಂಪರೆಯ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಇನ್ನು ಮುಂದೆ ಅಲ್ಲಿಗೆ ಹೋಗುವ ಕನ್ನಡದ ಸಂಶೋಧಕರು ಗುರುಗಳ ಪಟ್ಟಿಯ ಜೊತೆಗೆ ಗಢವಾಲದ ಕಂದಾಯ ಕಡತಗಳನ್ನೂ, ಸದಾವರ್ತದ ಹಳ್ಳಿಗಳ ಲೆಕ್ಕವನ್ನೂ ತೆಗೆದು ನೋಡಬೇಕು.