ಚರಗದಿಂದ ದಾಸೋಹಕ್ಕೆ

ಎಳ್ಳಮಾವಾಸ್ಯೆ ಬಂತೆಂದರೆ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳಿಗೆ ಇಡೀ ಮನೆತನವೇ ಬಂಡಿ ಕಟ್ಟಿ ಹೊರಡುತ್ತಿತ್ತು. ಬುತ್ತಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯೆ. ಹಿಂಗಾರಿ ಜೋಳದ ನಡುವೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ನೈವೇದ್ಯದ ಅಡುಗೆಯನ್ನು ಚರಗವೆಂದು ಹೊಲದ ಸುತ್ತ ಚೆಲ್ಲಿದ ಮೇಲೆಯೇ ಊಟ. ಭೂತಾಯಿಗೆ ಅದು ಉಡಿ ತುಂಬುವ ಹೊತ್ತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ನಿಂತಿತು. ಕಾಲುವೆ ನೀರು ಹರಿದ ಅದೇ ಜಿಲ್ಲೆಯ ಗಂಗಾವತಿ ಬಯಲು ಭತ್ತದ ಕಣಜವಾಯಿತು. ಜೋಳ ಮಳೆ ನಂಬಿದ ಎರೆಸೀಮೆಯಲ್ಲೇ ಉಳಿಯಿತು.

ಎಳ್ಳಮಾವಾಸ್ಯೆಯ ಬೆನ್ನಿಗೇ, ಪುಷ್ಯ ಬಹುಳ ಬಿದಿಗೆಗೆ ಕೊಪ್ಪಳದ ಗವಿಮಠದಲ್ಲಿ ಗವಿಸಿದ್ಧೇಶ್ವರನ ತೇರು. ಅದಕ್ಕೂ ಮುಂಚೆ ಹಳ್ಳಿಗಳ ಹೆಣ್ಣುಮಕ್ಕಳು ಒಟ್ಟಾಗಿ ಕುಳಿತು ರೊಟ್ಟಿ ಬಡಿಯುತ್ತಾರೆ, ಮಾದಲಿ ಮಾಡುತ್ತಾರೆ. ಮನೆಮನೆಯ ಬುತ್ತಿ ಗವಿಮಠದ ಮಹಾದಾಸೋಹ ಸೇರಿ ಲಕ್ಷಾಂತರ ಜನರ ಊಟವಾಗುತ್ತದೆ. ಬಂಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ; ರೊಟ್ಟಿ ಬಡಿಯುವ ಸದ್ದು ಮಾತ್ರ ಅದೇ.