ಒಣಗಣ್ಣಿನ ಚರಿತ್ರೆ

ರಾಗಿ ಒಕ್ಕಣೆಯ ದಿನಗಳಲ್ಲಿ ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ‘ಕಣ್ಣುರಿ’ ಎನ್ನುವವರು ಸಿಗುತ್ತಾರೆ. ಕಣದ ಧೂಳು, ಒಣಗಾಳಿ, ಸೌದೆ ಒಲೆಯ ಹೊಗೆ ಎಲ್ಲವೂ ಅದಕ್ಕೆ ಕಾರಣವಾಗಬಹುದು. ‘ಉಷ್ಣ ಆಗಿದೆ’ ಎಂದು ನೆತ್ತಿಗೆ ಹರಳೆಣ್ಣೆ ತಟ್ಟುವುದು, ಕೆಲವೊಮ್ಮೆ ಕಣ್ಣಿಗೂ ಒಂದು ತೊಟ್ಟು ಬಿಡುವುದು ಹಳೆಯ ರೂಢಿ. ಈ ಹರಳೆಣ್ಣೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಕಣ್ಣುರಿಯೆಲ್ಲ ಒಣಗಣ್ಣಲ್ಲ. ಆದರೆ ಉರಿ, ಮರಳು ಬಿದ್ದಂತಹ ಚುಚ್ಚು, ರೆಪ್ಪೆ ಬಡಿದಾಗ ತಿಳಿಯಾಗುವ ಮಸುಕು ಇವು ತಿಂಗಳುಗಟ್ಟಲೆ ಉಳಿದರೆ ಅದರ ಅನುಮಾನ ಬರುತ್ತದೆ. ವಿಚಿತ್ರವೆಂದರೆ ಇಂತಹವರಲ್ಲಿ ಅನೇಕರ ದೂರು ‘ಕಣ್ಣಲ್ಲಿ ನೀರು ಸುರಿಯುತ್ತದೆ’ ಎಂಬುದೇ. ಮೇಲ್ಮೈ ಒಣಗಿದಾಗ ನರಗಳು ಕೆರಳಿ, ಅಶ್ರುಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಇಳಿಯುತ್ತದೆ. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ‘ಏನೂ ಇಲ್ಲ ಹೋಗಿ’ ಎನಿಸಿಕೊಂಡು ಹಿಂದಿರುಗುವವರು ಹೆಚ್ಚು.

ಸುಶ್ರುತ ಸಂಹಿತೆಯಲ್ಲಿ ‘ಶುಷ್ಕಾಕ್ಷಿಪಾಕ’ ಎಂಬ ರೋಗದ ಹೆಸರಿದೆ. ಗಡುಸಾದ, ಒರಟಾದ ರೆಪ್ಪೆ, ಮಸುಕು ನೋಟ, ಕಣ್ಣು ತೆರೆಯಲು ಕಷ್ಟ ಎಂಬುದು ಅಲ್ಲಿನ ವರ್ಣನೆ. ಇಂದಿನ ರೋಗವೇ ಅದು ಎಂದು ಸಾಧಿಸಹೊರಡುವುದು ಸರಿಯಲ್ಲವಾದರೂ ಸಾಮ್ಯವಂತೂ ಇದೆ. ಕಳೆದ ಶತಮಾನದಲ್ಲಿ ನಮ್ಮ ದೇಶದಲ್ಲಿ ಕಣ್ಣು ಒಣಗುವುದೆಂದರೆ ಮುಖ್ಯವಾಗಿ ಮಕ್ಕಳಲ್ಲಿ ವಿಟಮಿನ್ ‘ಎ’ ಕೊರತೆಯಿಂದ ಬರುತ್ತಿದ್ದ ಕಾಯಿಲೆ. ಅದನ್ನು ತಡೆಯಲು 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1976ರ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ದೃಷ್ಟಿಯೆಲ್ಲ ಕಣ್ಣಿನ ಪೊರೆಯ ಕಡೆಗಿತ್ತು. ವಯಸ್ಕರ ಒಣಗಣ್ಣು ಸಾಮಾನ್ಯವಾಗಿ ಕುರುಡು ಮಾಡುವುದಿಲ್ಲ, ಆದ್ದರಿಂದ ಅದು ಲೆಕ್ಕಕ್ಕೇ ಬರಲಿಲ್ಲ.

ಅದನ್ನು ಅಳೆಯಲು ಹೊರಟವನು ಜರ್ಮನಿಯ ಒಟ್ಟೊ ಷಿರ್ಮರ್. 1903ರಲ್ಲಿ ಆತ ಬಳಸಿದ್ದು ಹೀರುಕಾಗದದ ಪಟ್ಟಿ. ಇಂದಿನ ಪಟ್ಟಿ 5 ಮಿ.ಮೀ. ಅಗಲ, 35 ಮಿ.ಮೀ. ಉದ್ದವಿರುತ್ತದೆ. ಕೆಳರೆಪ್ಪೆಯೊಳಗೆ ಸಿಕ್ಕಿಸಿ 5 ನಿಮಿಷ ಬಿಟ್ಟಾಗ 5 ಮಿ.ಮೀ.ಗಿಂತ ಹೆಚ್ಚು ನೆನೆಯದಿದ್ದರೆ ಕಣ್ಣೀರು ಕಡಿಮೆ ಎಂದರ್ಥ. ಇದಕ್ಕಿಂತ ಅಗ್ಗದ ಉಪಕರಣ ವೈದ್ಯವಿಜ್ಞಾನದಲ್ಲಿ ಅಪರೂಪ!

ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಒಣಗಣ್ಣಿನ 19 ಮಹಿಳೆಯರನ್ನು ಕುರಿತು ಪ್ರಬಂಧ ಮಂಡಿಸಿದ. ಅವರಲ್ಲಿ 13 ಮಂದಿಗೆ ಕೀಲುವಾತವೂ ಇತ್ತು. ಇದು ಕಣ್ಣಿಗಷ್ಟೇ ಸೀಮಿತವಾದ ರೋಗವಲ್ಲ, ಇಡೀ ದೇಹದ್ದು ಎಂಬುದು ಅವನ ವಾದ. ಪರೀಕ್ಷಕರು ಕಡಿಮೆ ದರ್ಜೆ ಕೊಟ್ಟರು, ವಿಶ್ವವಿದ್ಯಾಲಯದ ಬೋಧಕ ಹುದ್ದೆಯ ದಾರಿ ಮುಚ್ಚಿತು. 1943ರಲ್ಲಿ ಆಸ್ಟ್ರೇಲಿಯದ ವೈದ್ಯನೊಬ್ಬ ಪ್ರಬಂಧವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಜಗತ್ತು ಗಮನಿಸಿತು. ಇಂದು ಆ ರೋಗಕ್ಕೆ ಅವನದೇ ಹೆಸರು.

ಕಣ್ಣೀರು ಬರಿಯ ಉಪ್ಪುನೀರಲ್ಲ. ಮೇಲೆ ಎಣ್ಣೆ, ನಡುವೆ ನೀರು, ತಳದಲ್ಲಿ ಲೋಳೆ ಎಂದು 1946ರಲ್ಲಿ ಯೂಜೀನ್ ವುಲ್ಫ್ ಮೂರು ಪದರಗಳನ್ನು ವಿವರಿಸಿದ. (ನೀರು ಮತ್ತು ಲೋಳೆ ಪರಸ್ಪರ ಬೆರೆತೇ ಇರುತ್ತವೆ ಎಂಬುದು ಈಗಿನ ತಿಳಿವಳಿಕೆ.) ಎಣ್ಣೆ ಬರುವುದು ರೆಪ್ಪೆಯಂಚಿನ ಗ್ರಂಥಿಗಳಿಂದ. ಅವುಗಳನ್ನು ಹೈನ್ರಿಶ್ ಮೈಬೋಮ್ 1666ರಲ್ಲೇ ವರ್ಣಿಸಿದ್ದ. ಆದರೆ ಅವು ಕಟ್ಟಿಕೊಂಡರೆ ನೀರು ಸಾಕಷ್ಟಿದ್ದರೂ ಬೇಗ ಆವಿಯಾಗುತ್ತದೆ ಎಂಬ ಅಂಶಕ್ಕೆ ಮಹತ್ವ ಬಂದದ್ದು 1980ರ ಈಚೆಗೆ. ಕಂಪ್ಯೂಟರ್, ಮೊಬೈಲ್ ನೋಡುವಾಗ ರೆಪ್ಪೆ ಬಡಿತ ಕಡಿಮೆಯಾಗುವುದರಿಂದ ಈ ಬಗೆಯ ಒಣಗಣ್ಣು ವಿದ್ಯಾರ್ಥಿಗಳನ್ನೂ ಕಾಡುತ್ತದೆ.

ಚಿಕಿತ್ಸೆಯ ತಿರುವು ಬಂದದ್ದು ನಾಯಿಗಳಿಂದ. ಅಮೆರಿಕದ ಜಾರ್ಜಿಯ ವಿಶ್ವವಿದ್ಯಾಲಯದ ಪಶುವೈದ್ಯೆ ರೆನೀ ಕ್ಯಾಸ್ವಾನ್ 1980ರ ದಶಕದಲ್ಲಿ ಒಣಗಣ್ಣಿನ ನಾಯಿಗಳಿಗೆ ಸೈಕ್ಲೊಸ್ಪೊರಿನ್ ಹಾಕಿದಾಗ ಕಣ್ಣೀರು ಮರಳಿತು. ಇದು ಮಣ್ಣಿನ ಒಂದು ಶಿಲೀಂಧ್ರದಿಂದ ದೊರೆತ ಔಷಧ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯಲು ಅದನ್ನು ಬಳಸುತ್ತಿದ್ದರು. ಒಣಗಣ್ಣಿನ ಬೇರಿನಲ್ಲಿ ಉರಿಯೂತವಿದೆ ಎಂಬುದು ಇದರಿಂದ ದೃಢವಾಯಿತು. ಮನುಷ್ಯರಿಗೆ 0.05% ಹನಿಮದ್ದಿನ ಒಪ್ಪಿಗೆ ಅಮೆರಿಕದಲ್ಲಿ ಸಿಕ್ಕಿದ್ದು 2002ರಲ್ಲಿ. ನೀರಿನಲ್ಲಿ ಸುಲಭವಾಗಿ ಕರಗದ ಆ ಔಷಧವನ್ನು ಯಾವುದರಲ್ಲಿ ಕರಗಿಸಿದರು ಬಲ್ಲಿರಾ? ಹರಳೆಣ್ಣೆಯಲ್ಲಿ!

ಹಾಗೆಂದು ಅಡುಗೆಮನೆಯ ಸೀಸೆಯಿಂದ ಕಣ್ಣಿಗೆ ಬಿಡಬಾರದು. ಔಷಧದಲ್ಲಿರುವುದು ಶುದ್ಧೀಕರಿಸಿ, ಸೂಕ್ಷ್ಮಜೀವಿ ಇಲ್ಲದಂತೆ ಮಾಡಿ, ನೀರಿನೊಂದಿಗೆ ಅತಿಸಣ್ಣ ಹನಿಗಳಾಗಿ ಬೆರೆಸಿದ ಎಣ್ಣೆ. ರಾಗಿ ಹೊಟ್ಟಿನಿಂದ ಗೀರಿದ ಕಾರ್ನಿಯಾದ ಮೇಲೆ ಮನೆಯ ಎಣ್ಣೆ ಬಿದ್ದರೆ ಸೋಂಕು ತಗುಲಿ ಹುಣ್ಣಾಗಬಹುದು. ಆ ಹುಣ್ಣು ಮಾತ್ರ ನಿಜಕ್ಕೂ ದೃಷ್ಟಿ ಕಸಿಯುತ್ತದೆ.

ಆಮೇಲಿನದು ವೇಗದ ಚರಿತ್ರೆ. 2016ರಲ್ಲಿ ಅಮೆರಿಕದಲ್ಲಿ ಲಿಫಿಟೆಗ್ರಾಸ್ಟ್ ಬಂದಿತು. 2021ರಲ್ಲಿ ಬಂದ ವ್ಯಾರೆನಿಕ್ಲಿನ್ ಅನ್ನು ಕಣ್ಣಿಗಲ್ಲ, ಮೂಗಿಗೆ ಸಿಂಪಡಿಸಬೇಕು. ಮೂಗಿನ ನರ ಕೆರಳಿದರೂ ಕಣ್ಣೀರು ಬರುತ್ತದೆ. 2023ರ ಪರ್‌ಫ್ಲೋರೊಹೆಕ್ಸಿಲ್ ಆಕ್ಟೇನ್ ಹನಿಯಲ್ಲಿ ನೀರೇ ಇಲ್ಲ, ಅದು ಆವಿಯಾಗುವುದನ್ನು ತಡೆಯುತ್ತದೆ. 2025ರ ಅಕಾಲ್ಟ್ರೆಮಾನ್ ಕಾರ್ನಿಯಾದ ತಂಪು ಅರಿಯುವ ನರಗಳನ್ನು ಪ್ರಚೋದಿಸುತ್ತದೆ. ಕಣ್ಣೀರು ಆವಿಯಾದಾಗ ಮೇಲ್ಮೈ ತಂಪಾಗುತ್ತದೆ, ಆ ಸೂಚನೆಯಿಂದಲೇ ದೇಹ ಕಣ್ಣೀರನ್ನು ತುಂಬಿಕೊಳ್ಳುತ್ತದೆ.

ಈ ಸಂಶೋಧನೆ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ರೋಹಿತ್ ಶೆಟ್ಟಿ ಮತ್ತು ಸಂಗಡಿಗರು 2016ರಲ್ಲಿ ಆವಿಯಾಗುವ ಬಗೆಯ ಒಣಗಣ್ಣಿನವರ ಕಾರ್ನಿಯಾವನ್ನು ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಅಲ್ಲಿನ ರೋಗನಿರೋಧಕ ಕೋಶಗಳ ಸಾಂದ್ರತೆಗೂ ರೋಗಿಯ ಬಾಧೆಗೂ ರಕ್ತದ ವಿಟಮಿನ್ ‘ಡಿ’ ಪ್ರಮಾಣಕ್ಕೂ ನಂಟು ಕಂಡಿತು. ನಂಟು ಕಂಡ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. ಆದರೆ ‘ಏನೂ ಇಲ್ಲ’ ಎನಿಸಿಕೊಂಡ ಕಣ್ಣಿನಲ್ಲಿ ಏನೋ ಇದೆ ಎಂಬುದು ಸೂಕ್ಷ್ಮದರ್ಶಕದಡಿ ಕಣ್ಣಿಗೆ ಕಾಣುವಂತಾಯಿತು.